ಆಮೆನ್ ಅಂದ ಮೇಲೆ

ಶಿಕಾರಿಪುರದ ಪಾದ್ರಿ ಬಂಗಲೆಯಲ್ಲಿ ಜಗಳ ಆಗುವುದಿದ್ದರೆ ಸಂಜೆ ಏಳು ಗಂಟೆಗೇ ಆಗಬೇಕು, ಅದೂ ಕಣ್ಣು ಮುಚ್ಚಿಕೊಂಡು. ಏಳಕ್ಕೆ ಕುಟುಂಬ ಪ್ರಾರ್ಥನೆ. ಸುಗಂಧಿ ಬೇಳೆಯ ಕುಕ್ಕರನ್ನು ಒಲೆಯ ಮೇಲಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದು ಚಾಪೆಯ ತುದಿಯಲ್ಲಿ ಕೂರುತ್ತಾಳೆ. ಎದುರಿಗೆ ಗಂಡ ರೆವರೆಂಡ್ ಸತ್ಯಶೀಲ, ಪಕ್ಕದಲ್ಲಿ ಅತ್ತೆ ಎಸ್ತೇರಮ್ಮ, ಗೋಡೆಗೆ ಒರಗಿ ಬಿ.ಕಾಂ. ಓದುವ ಮಗಳು ಹನ್ನ. ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥನೆ ಮಾಡುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಮುಗಿದ ಮೇಲೂ ಆ ಮಾತನ್ನು ಎತ್ತುವಂತಿಲ್ಲ. ದೇವರಿಗೆ ಹೇಳಿದ್ದಕ್ಕೆ ಮನುಷ್ಯರು ಜವಾಬು ಕೊಡಬಾರದು ಎಂಬುದು ತೀರಿಹೋದ ಮಾವನವರ ಕಾಲದ ಕಟ್ಟು. ಉಳಿದವರು ಹೇಳಬಹುದಾದದ್ದು ಆಮೆನ್ ಒಂದೇ. ಅದಾಗುವವರೆಗೆ ಯಾರೂ ಏಳುವಂತಿಲ್ಲ.

ಇದರ ಅನುಕೂಲವನ್ನು ಆ ಮನೆಯವರು ಎಂದೋ ಕಂಡುಕೊಂಡಿದ್ದರು.

“ಕರ್ತನೇ, ಈ ಮನೇಲಿ ಮೂರು ದಿನದಿಂದ ಸಾರಿಗೆ ಹುಣಸೆಹಣ್ಣು ಜಾಸ್ತಿ ಬೀಳ್ತಿದೆ,” ಎಂದು ಎಸ್ತೇರಮ್ಮ ಶುರುಮಾಡುತ್ತಿದ್ದರು. “ವಯಸ್ಸಾದವರ ಹಲ್ಲು ಜುಮ್ ಅನ್ನೋದು ನಿನಗೆ ಗೊತ್ತು. ಕೈ ಹಿಡಿದು ಹಾಕೋ ಬುದ್ಧಿ ಯಾರಿಗೆ ಬೇಕೋ ಅವರಿಗೆ ಕೊಡು ತಂದೆ.”

“ಆಮೆನ್,” ಎನ್ನುತ್ತಿದ್ದಳು ಸುಗಂಧಿ.

“ಕರ್ತನೇ, ಮೊಬೈಲಲ್ಲಿ ನೋಟ್ಸ್ ನೋಡೋದು ಪಾಪ ಅಲ್ಲ ಅಂತ ಅಜ್ಜಿಗೆ ತಿಳಿಸು,” ಎನ್ನುತ್ತಿದ್ದಳು ಹನ್ನ.

“ಆಮೆನ್,” ಅದಕ್ಕೂ ಸುಗಂಧಿಯೇ.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಈ ಚಾಪೆಯ ಮೇಲೆ ಒಮ್ಮೆಯೂ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವಳಲ್ಲ. ಮೊದಲು ಹೊಸ ಸೊಸೆಯ ನಾಚಿಕೆ, ಆಮೇಲೆ ಕೈಗೂಸು, ಆಮೇಲೆ ಕುಕ್ಕರ್. ಬೇಳೆಗೆ ಮೂರು ಕೂಗು. ಮೂರನೆಯದು ಬೀಳುವ ಹೊತ್ತಿಗೆ ಪ್ರಾರ್ಥನೆಯೂ ಮುಗಿದರೆ ಅವಳ ಮಟ್ಟಿಗೆ ಅದು ಒಳ್ಳೆಯ ದಿನ.

ಸತ್ಯಶೀಲ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಿಮಗೆ ಅವನ ಮೇಲೆ ಸಿಟ್ಟು ಬರಬಹುದು. ಪಂಕ್ತಿಯಲ್ಲಿ ಯಾರು ಕೂತರೂ ಅವರ ಜಾತಿ ಕೇಳಿದವನಲ್ಲ. ಉಡುತಡಿಯಲ್ಲಿ ವಚನಗೋಷ್ಠಿ ಇದ್ದರೆ ಬಿಳಿ ನಿಲುವಂಗಿಯಲ್ಲೇ ಹೋಗಿ ಅಕ್ಕನ ಬಗ್ಗೆ ಒಂದು ಗಂಟೆ ಮಾತಾಡಿ ಬರುತ್ತಿದ್ದ. ಗಂಡ ಹೆಂಡತಿ ಸಮಾನರು ಎಂದು ಅವನು ಭಾನುವಾರದ ಆರಾಧನೆಯಲ್ಲಿ ಮಾಡಿದ ಪ್ರಸಂಗ ಕೇಳಿ ಹೆಂಗಸರ ಸಂಘದವರು ಹಾರ ಹಾಕಿದ್ದರು. ಆ ಹಾರ ಕಟ್ಟಿದ್ದು ಸುಗಂಧಿ. ಈ ಊರಿಗೆ ವರ್ಗವಾಗಿ ಬಂದ ಮೂರು ವರ್ಷದಲ್ಲಿ ಅವನು ಬಗರ್ ಹುಕುಂ ರೈತರ ಬೆನ್ನಿಗೆ ನಿಂತಿದ್ದ. ಸರ್ಕಾರಿ ಜಮೀನನ್ನು ಅಪ್ಪನ ಕಾಲದಿಂದ ಉತ್ತು ಬಿತ್ತಿ, ಕೈಯಲ್ಲಿ ಸಾಗುವಳಿ ಚೀಟಿ ಇಲ್ಲದೆ ಎತ್ತಂಗಡಿಯ ಭಯದಲ್ಲಿದ್ದ ಜನ. ಅರ್ಜಿ ಬರೆದುಕೊಟ್ಟ, ಕಚೇರಿಗೆ ಅಲೆದ, ಧರಣಿ ಕೂತ. ಕೊನೆಗೆ ಹೋರಾಟ ಸಮಿತಿಗೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಜಿಲ್ಲಾ ಪಂಚಾಯಿತಿ ಚುನಾವಣೆ ಬಂದರೆ ನೀವೇ ನಿಲ್ಲಬೇಕು ಎಂದೂ ಹೇಳತೊಡಗಿದರು.

ಸಭೆಯ, ಅಂದರೆ ಚರ್ಚಿನ, ಕಮಿಟಿಯವರಿಗೆ ಇದು ಸರಿಬರಲಿಲ್ಲ. ಪ್ರಸಂಗದಲ್ಲಿ ರಾಜಕೀಯ ಮಾತಾಡಕೂಡದೆಂದು ಠರಾವು ಮಾಡಿದರು. ಮುಂದಿನ ಭಾನುವಾರ ಸತ್ಯಶೀಲ ಪ್ರೀತಿ ವಿಶ್ವಾಸದ ಬಗ್ಗೆ ಹತ್ತೇ ನಿಮಿಷ ಪ್ರಸಂಗ ಮಾಡಿ ಮುಗಿಸಿದ. ಕಮಿಟಿಯವರು ಸಮಾಧಾನದಿಂದ ತಲೆ ಬಾಗಿಸಿ ಕಣ್ಣು ಮುಚ್ಚಿದರು. ಆಮೇಲೆ ಶುರುವಾಯಿತು ಪ್ರಾರ್ಥನೆ.

“ತಂದೆಯೇ, ಹಾಲಮ್ಮನ ನಾಲ್ಕು ಎಕರೆಯ ಫೈಲನ್ನು ಎಂಟು ತಿಂಗಳಿಂದ ಮೇಜಿನ ಮೇಲಿಟ್ಟುಕೊಂಡು ಕೂತಿರುವ ಆ ಅಧಿಕಾರಿಯನ್ನು ನೆನಪಿಸಿಕೋ. ಅವರ ಮನಸ್ಸನ್ನು ಮೆದುಮಾಡು. ಅವರಿಗೆ ತಿಳಿಯದಿದ್ದರೆ ತಿಳಿಸು, ತಿಳಿದೂ ಸುಮ್ಮನಿದ್ದರೆ ನಾಚಿಕೆ ಕೊಡು.” ಹೀಗೆ ಇಪ್ಪತ್ತೈದು ನಿಮಿಷ. ಕಣ್ಣು ಮುಚ್ಚಿ ಕೂತವರು ಎದ್ದು ಹೋಗುವ ಹಾಗಿಲ್ಲ, ನಿಲ್ಲಿಸಿ ಎನ್ನುವ ಹಾಗಿಲ್ಲ. ಕೊನೆಗೆ ಕಮಿಟಿಯವರೂ ಆಮೆನ್ ಅನ್ನಬೇಕಾಯಿತು.

ಮಾರನೆಯ ಬೆಳಿಗ್ಗೆ ಕಮಿಟಿಯ ಕಾರ್ಯದರ್ಶಿ ಸಾಲೋಮನ್ ಮಾಸ್ತರು ಅವಲಕ್ಕಿಯ ಹೊತ್ತಿಗೆ ಸರಿಯಾಗಿ ಬಂದರು. ನಿವೃತ್ತ ಗಣಿತದ ಮೇಷ್ಟ್ರು, ಮಾತು ತೂಕದ್ದು.

“ಅಯ್ಯನವರೇ, ನಮ್ಮ ಠರಾವು ತಮಗೆ ತಲುಪಿದೆ ಅನ್ಕೊಂಡಿದ್ದೆ.”

“ತಲುಪಿದೆ ಮಾಸ್ತರೇ. ಅದು ಪ್ರಸಂಗದ ಬಗ್ಗೆ. ಪ್ರಾರ್ಥನೆ ಬಗ್ಗೆ ಠರಾವಿಲ್ಲ.”

“ದೇವರಿಗೆ ಫೈಲ್ ವಿಚಾರ ಎಲ್ಲ ಬಿಡಿಸಿ ಹೇಳ್ಬೇಕಾ? ಆತನಿಗೆ ಗೊತ್ತಿಲ್ವಾ?”

“ಆತನಿಗೆ ಗೊತ್ತಿದೆ. ನಿಮಗೆ ಗೊತ್ತಾಗ್ಲಿ ಅಂತ ಹೇಳಿದ್ದು.”

ಹನ್ನ ನಗು ತಡೆಯಲಾರದೆ ಒಳಗೆ ಓಡಿದಳು. ಮಾಸ್ತರು ತಟ್ಟೆ ಕೆಳಗಿಟ್ಟು ಸುಗಂಧಿಯ ಕಡೆ ತಿರುಗಿದರು. “ಅಮ್ಮನವರೇ, ನೀವಾದ್ರೂ ಹೇಳಿ. ಮೇಲೆ ಬಿಷಪ್ಪರವರೆಗೂ ಹೋಗಿದೆ. ಬಂಗಲೆ, ನಿಮ್ಮ ಶಿಶುವಿಹಾರದ ಕೆಲ್ಸ, ಎಲ್ಲ ಸಭೇದೇ ಅಲ್ವಾ?”

“ನಾನೇನು ಹೇಳ್ಲಿ ಮಾಸ್ತರೇ, ಇನ್ನೊಂದು ಚೂರು ಹಾಕ್ಲಾ?” ಎಂದಳು ಸುಗಂಧಿ.

ಅವಳು ಹೇಳುವುದು ಬೇಕಾದಷ್ಟಿತ್ತು. ಮದುವೆಯಾದಾಗಿನಿಂದ ಇದು ಆರನೆಯ ಬಂಗಲೆ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ಎಲ್ಲ ಕಡೆಯೂ ಒಂದೇ ನಿಯಮ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹೊಡೆದರೆ ಮುಂದೆ ಬರುವ ಅಯ್ಯನವರ ಹೆಂಡತಿ ಕಮಿಟಿಗೆ ದೂರು ಕೊಡುತ್ತಾಳೆ. ಗಂಡನ ಅಂಗಿ ಕುರ್ಚಿಯ ಬೆನ್ನಿಗೆ, ಕ್ಯಾಲೆಂಡರು ಕಿಟಕಿಯ ಸರಳಿಗೆ. ಅವಳದು ಅಂತ ಇದ್ದದ್ದು ಸೊರಬದ ಮನೆ ಒಂದೇ. ಬಡಗಿ ಕೆಲಸದ ಅಪ್ಪ ದಾವಿದಪ್ಪ ಸಾಯುವ ಮುಂಚೆ ಅವಳ ಹೆಸರಿಗೆ ಬರೆದಿಟ್ಟಿದ್ದ. ಒಂದು ಪಡಸಾಲೆ, ಒಂದು ಕೋಣೆ, ಅಡಿಗೆಮನೆ. ಪಡಸಾಲೆಯ ಗೋಡೆಗೆ ಅಪ್ಪ ಬೀಟೆಯಲ್ಲಿ ಕೆತ್ತಿ ಕೂರಿಸಿದ ಏಳು ಗೂಟಗಳಿದ್ದವು. ಅಲ್ಲಿ ಬಾಡಿಗೆಗಿದ್ದವರು ವರ್ಗವಾಗಿ, ಹೋದ ತಿಂಗಳಷ್ಟೇ ಮನೆ ಬಿಟ್ಟಿದ್ದರು. ಗಂಡ ನಿವೃತ್ತನಾದ ಮೇಲೆ ಯಾವ ಗೂಟಕ್ಕೆ ಏನು ಹಾಕುವುದೆಂದು ಸುಗಂಧಿ ಚಪಾತಿ ಲಟ್ಟಿಸುತ್ತ ಎಷ್ಟೋ ಸಲ ಲೆಕ್ಕ ಹಾಕಿದ್ದಳು. ಒಂದು ಗೂಟ ಪೂರ್ತಿ ಅವಳ ಸೀರೆಗೇ. ಬೀಗದ ಕೈಯನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಳು. ಆ ಡಬ್ಬಿಯಲ್ಲಿ ಬೇರೇನೂ ಇರಲಿಲ್ಲ.

ಎರಡು ವಾರ ಕಳೆಯಿತು, ಎರಡು ಭಾನುವಾರವೂ ಅದೇ ಪ್ರಾರ್ಥನೆ. ಸಮಿತಿಯವರ ಓಡಾಟ ಹೆಚ್ಚಾಯಿತು. ಉಚ್ಚಂಗಪ್ಪ ಎಂಬ ಅರವತ್ತರ ರೈತ ಅವರ ಮುಂದಾಳು. ಊಟದ ಹೊತ್ತಿಗೆ ಬರುವುದು ಅವನ ತಪ್ಪೇನಲ್ಲ, ಬಸ್ಸು ಬರುವುದೇ ಆಗ.

“ಅಮ್ಮಾರೇ, ಫಾದರ್ ಅದಾರೇನ್ರಿ?” ಎಂದು ಸೌತೆಕಾಯಿಯ ಚೀಲ ಕೆಳಗಿಳಿಸುತ್ತಿದ್ದ. ನಾನು ಫಾದರ್ ಅಲ್ಲ, ಪಾಸ್ಟರ್ ಎಂದು ಸತ್ಯಶೀಲ ಹೇಳಿ ಹೇಳಿ ಸೋತಿದ್ದ.

“ಊಟಕ್ಕೆ ಕೂತಿದಾರೆ. ನೀವೂ ಕೈ ತೊಳ್ಕಳ್ರಿ.”

“ಇನ್ನೂ ನಾಕು ಮಂದಿ ಹೊರಗ ನಿಂತಾರ್ರಿ.”

ಸುಗಂಧಿ ಮತ್ತೆ ಹಿಟ್ಟು ಕಲಸಿ ರೊಟ್ಟಿ ತಟ್ಟುತ್ತಿದ್ದಳು. ಆ ಜನ ಉಂಡು ಹೋಗುವಾಗ ನಿನ್ನ ಕೈ ತಣ್ಣಗಿರಲಿ ತಾಯಿ ಎನ್ನುತ್ತಿದ್ದರು, ಅದು ಅವಳಿಗೆ ಇಷ್ಟವೇ ಆಗುತ್ತಿತ್ತು. ಆದರೆ ಉಣ್ಣಲು ಕೂತಾಗ ಪಲ್ಯದ ಬೋಗುಣಿಯ ತಳ ಕಾಣುತ್ತಿತ್ತು. ಎಸ್ತೇರಮ್ಮ ಸಂಜೆ ಅದನ್ನೂ ದೇವರಿಗೆ ಒಪ್ಪಿಸುತ್ತಿದ್ದರು. “ಐದು ರೊಟ್ಟಿಯನ್ನ ಐದು ಸಾವಿರ ಜನಕ್ಕೆ ಹಂಚಿದೋನು ನೀನು. ಈ ಮನೇಲಿ ಆ ಕೆಲಸ ನನ್ನ ಸೊಸೆ ತಲೆ ಮೇಲೆ ಬಿದ್ದಿದೆ ಸ್ವಾಮಿ.”

ಸತ್ಯಶೀಲ ಜೋರಾಗಿ ಆಮೆನ್ ಅಂದ. ಅದು ಹೊಗಳಿಕೆ ಅಂದುಕೊಂಡಿರಬೇಕು.

ಮೂರನೆಯ ವಾರ ಬಿಷಪ್ಪರ ಕಾಗದ ಬಂತು. ಅವನು ಅದನ್ನು ನಿಂತೇ ಓದಿದ, ಮಡಚಿ ಜೇಬಿಗಿಟ್ಟ. ಮಧ್ಯಾಹ್ನದ ಊಟಕ್ಕೆ ಏನೂ ಹೇಳಲಿಲ್ಲ, ಮಜ್ಜಿಗೆ ಎರಡು ಸಲ ಹಾಕಿಸಿಕೊಂಡ. ಹೇಳಿದ್ದು ಏಳು ಗಂಟೆಗೆ.

“ತಂದೆಯೇ, ಸಮಿತಿ ಬಿಡು ಇಲ್ಲವೇ ಸಭೆ ಬಿಡು ಎಂದು ನಿನ್ನ ಸೇವಕರಾದ ಬಿಷಪ್ಪರು ಬರೆದಿದ್ದಾರೆ. ಆ ಬಡವರನ್ನು ನಡುದಾರಿಯಲ್ಲಿ ಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ತಿಂಗಳ ಕೊನೆಗೆ ಈ ಬಂಗಲೆ ಬಿಡುತ್ತೇವೆ. ಮೊದಲೇ ನಮಗೆ ಸೊರಬದಲ್ಲಿ ಮನೆ ಕೊಟ್ಟಿದ್ದಕ್ಕೆ ನಿನಗೆ ಸ್ತೋತ್ರ.”

ಒಲೆಯ ಮೇಲೆ ಕುಕ್ಕರ್ ಎರಡನೆಯ ಸಲ ಕೂಗಿತು. ಸುಗಂಧಿಗೆ ಬಂಗಲೆ ಹೋಗುತ್ತದೆ ಎಂಬ ಭಯ ಒಂದು ಕಡೆ, ಸೊರಬಕ್ಕೆ ಹೋಗುತ್ತೇವೆ ಎಂಬ ಸಂತೋಷ ಇನ್ನೊಂದು ಕಡೆ. ಆ ಸಂತೋಷದಲ್ಲಿ ಅವಳು ಗೂಟಗಳನ್ನು ಎಣಿಸುತ್ತಿದ್ದಳು. ಗಂಡ ಇನ್ನೂ ಹೇಳುತ್ತಲೇ ಇದ್ದ. ಅವನು ಮುಗಿಸುವುದಕ್ಕೂ ಮೂರನೆಯ ಕೂಗು ಬೀಳುವುದಕ್ಕೂ ಸರಿಹೋಯಿತು, ಬೇಳೆ ತಳ ಹಿಡಿಯುತ್ತದೆಂದು ಅವಳು ಅವಸರವಾಗಿ ಎಲ್ಲರಿಗಿಂತ ಮೊದಲು ಆಮೆನ್ ಅಂದು ಎದ್ದಳು. ಒಲೆ ಆರಿಸಿ, ಸೌಟು ಕೈಗೆತ್ತಿಕೊಂಡ ಮೇಲೆ, ಗಂಡನ ಕೊನೆಯ ಮಾತು ನಿಧಾನವಾಗಿ ತಲೆಯೊಳಗೆ ಇಳಿಯಿತು. ಆ ಮನೆಯ ಪಡಸಾಲೆ ಸಮಿತಿಯ ಕಚೇರಿಯಾಗಲಿ ತಂದೆಯೇ, ಭೂಮಿ ಇಲ್ಲದವರ ಪಾದ ಅಲ್ಲಿ ಬೀಳಲಿ.

ತಟ್ಟೆಗೆ ಅನ್ನ ಬಡಿಸುತ್ತ ಕೇಳಿದಳು, “ಪಡಸಾಲೆ ಅಂದ್ರಲ್ಲ. ಪೂರ್ತಿ ಪಡಸಾಲೆನಾ?”

“ಹೂಂ. ಶಿಕಾರಿಪುರ, ಸೊರಬ ಎರಡೂ ಕಡೆಯವರಿಗೆ ಒಂದು ಜಾಗ ಬೇಕು. ಬೆಳಿಗ್ಗೆ ಎಂಟಕ್ಕೇ ಜನ ಬರ್ತಾರೆ.”

“ನಾವು ನಾಲ್ಕು ಜನ?”

“ಕೋಣೆ ಇದೆ, ಅಡಿಗೆಮನೆ ಇದೆ. ಅವರಿಗೆ ಅದೂ ಇಲ್ಲ.”

“ಪಪ್ಪಾ, ನೀವು ಅಮ್ಮನ್ನ ಕೇಳಿದ್ರಾ?” ಎಂದಳು ಹನ್ನ. “ಮನೆ ಅಮ್ಮಂದು.”

“ಪ್ರಾರ್ಥನೇಲಿ ಎಲ್ಲರ ಮುಂದೆ ಇಟ್ಟೆ. ನಿಮ್ಮಮ್ಮನೇ ಮೊದಲು ಆಮೆನ್ ಅಂದಳು. ನನಗೆಷ್ಟು ಧೈರ್ಯ ಬಂತು ಗೊತ್ತಾ?” ಅವನ ಕಣ್ಣು ನಿಜವಾಗಿಯೂ ತುಂಬಿತ್ತು. “ಉಚ್ಚಂಗಪ್ಪಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.”

“ನಾನು ಬೇಳೆಗೆ ಅಂದದ್ದು ರೀ,” ಎಂದಳು ಸುಗಂಧಿ.

ಅವನು ನಕ್ಕ. ತಮಾಷೆ ಅಂದುಕೊಂಡ. ಎಸ್ತೇರಮ್ಮ ನಗಲಿಲ್ಲ. “ದೇವರ ಮುಂದೆ ಅಂದ ಮಾತು ಹಿಂದಕ್ಕೆ ತಗೊಳ್ಳೋಕೆ ಬರಲ್ಲ ಕಣೇ,” ಎಂದು ಮಜ್ಜಿಗೆಗೆ ಕೈ ಚಾಚಿದರು. ಸುಗಂಧಿಗೆ ಅಳು ಬಂತು, ಆದರೆ ಬಡಿಸುವವಳು ಅಳುತ್ತ ಬಡಿಸಬಾರದೆಂದು ನುಂಗಿಕೊಂಡಳು.

ಶನಿವಾರ ಮನೆಯನ್ನು ಒಮ್ಮೆ ನೋಡಿ ಬರೋಣವೆಂದು ಡಬ್ಬಿ ತೆಗೆದರೆ ಬೀಗದ ಕೈ ಇಲ್ಲ. ಗಂಡನಿಗೆ ಫೋನ್ ಮಾಡಿದಳು.

“ನಾನು ತೊಗರ್ಸಿ ಹಳ್ಳೀಲಿದೀನಿ, ಸಮಿತಿ ಸಭೆ ನಡೀತಿದೆ. ಕೈ ನನ್ನ ಜೇಬಲ್ಲಿದೆ. ಸೋಮವಾರ ಬೆಳಿಗ್ಗೆ ಉಚ್ಚಂಗಪ್ಪಗೆ ಕೊಡಬೇಕಲ್ಲ.”

ಆದರೂ ಹನ್ನಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಮನೆಯ ಮುಂದೆ ಪಕ್ಕದ ಮನೆಯ ಲೋಕಮ್ಮ ಭತ್ತ ಹರಡುತ್ತ ಕೂತಿದ್ದಳು. ಸುಗಂಧಿಯ ಜೊತೆ ಶಾಲೆಗೆ ಹೋದವಳು.

“ಬಂದ್ಯನೇ? ಎಂತದೇ ಇದು, ಆಫೀಸು ಮಾಡ್ತಾರಂತೆ? ನಿನ್ನೆ ಇಬ್ರು ಬಂದು ಬೋರ್ಡಿಗೆ ಅಳತೆ ತಗಂಡು ಹೋದ್ರು.”

ಬಾಗಿಲಿನಿಂದ ಕಿಟಕಿ ದಾಟಿ ಗೋಡೆಯ ತುದಿಯವರೆಗೆ ಸೀಮೆಸುಣ್ಣದ ಗೆರೆ ಎಳೆದಿತ್ತು. ಆ ಅಳತೆಯ ಬೋರ್ಡು ಹಾಕಿದರೆ ಕಿಟಕಿಯ ಅರ್ಧ ಮುಚ್ಚಿಹೋಗುತ್ತದೆ. ಸುಗಂಧಿ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದಳು. ಏಳು ಗೂಟಗಳೂ ಇದ್ದವು, ಧೂಳು ಹಿಡಿದು ಬೆಳ್ಳಗಾಗಿದ್ದವು.

“ನಿನ್ ಮನೇನ ನೀನೇ ಕಿಟಕೀಲಿ ಬಗ್ಗಿ ನೋಡ್ತೀಯಲ್ಲೇ ಮಾರಾಯ್ತಿ,” ಎಂದಳು ಲೋಕಮ್ಮ. “ಕೈ ತಂದಿಲ್ವನೇ?”

“ಮರ್ತು ಬಂದೆ ಕಣೇ.”

ಲೋಕಮ್ಮ ಕೊಟ್ಟ ಬೆಲ್ಲ ನೀರು ಕುಡಿದು, ತನ್ನ ಮನೆಯ ಜಗಲಿಯ ಮೇಲೆ ಒಂದು ಗಂಟೆ ಕೂತು, ಹಾಗೆಯೇ ಹೊರಟಳು. ಬಸ್ಸಿನಲ್ಲಿ ಹನ್ನ ಕೇಳಿದಳು, “ಅಮ್ಮ, ಬಗರ್ ಹುಕುಂ ಅಂದ್ರೆ ಜಮೀನೊಳಗೆ ಇದ್ದೂ ಚೀಟಿ ಇಲ್ದೋರು ಅಲ್ವಾ?”

“ಹೂಂ.”

“ನಿನ್ನದು ಅದಕ್ಕೂ ಕಷ್ಟ. ನಿನ್ನ ಹತ್ರ ಚೀಟಿ ಇದೆ, ಒಳಗೆ ಹೋಗಂಗಿಲ್ಲ.”

“ಬಾಯ್ಮುಚ್ಚು,” ಎಂದಳು ಸುಗಂಧಿ. ಆಮೇಲೆ ಇಡೀ ದಾರಿ ಅದೇ ಮಾತು ಅವಳ ಕಿವಿಯಲ್ಲಿತ್ತು.

ಭಾನುವಾರ ಸತ್ಯಶೀಲ ಸಭೆಗೆ ರಾಜೀನಾಮೆ ಓದಿ ಹೇಳಿದ. ಹೆಂಗಸರು ಅತ್ತರು. ಸಾಲೋಮನ್ ಮಾಸ್ತರು ಅವನ ಎರಡೂ ಕೈ ಹಿಡಿದು, ತಮ್ಮ ಧೈರ್ಯ ನಮಗಿಲ್ಲ ಅಯ್ಯನವರೇ ಎಂದರು. ಅದು ನಿಜವಾದ ಮಾತೇ. ಸುಗಂಧಿಯ ಕೈಯನ್ನು ಯಾರೂ ಹಿಡಿಯಲಿಲ್ಲ. ಶಿಶುವಿಹಾರದ ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮಾತ್ರ ಒಬ್ಬರು ಕೇಳಿದರು. ಸೆರಗಿನ ಗಂಟು ಬಿಚ್ಚಿ ಕೊಟ್ಟಳು.

ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಎಸ್ತೇರಮ್ಮ ಆಗಲೇ ತಮ್ಮ ಟ್ರಂಕು ತುಂಬಿಸುತ್ತಿದ್ದರು.

“ಇನ್ನೂ ಹತ್ತು ದಿನ ಇದೆ ಅತ್ತೆ.”

“ಅಭ್ಯಾಸ. ನಿಮ್ಮ ಮಾವ ಉಪದೇಶಿ ಕೆಲಸದಲ್ಲಿ ಊರೂರು ತಿರುಗಿದ್ರಲ್ಲ. ಹನ್ನೊಂದು ಮನೆ ಬಿಟ್ಟಿದೀನಿ.” ಮುದುಕಿ ಒಂದು ಸೀರೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. “ಒಂದರಲ್ಲೂ ನನ್ನ ಕೇಳ್ಳಿಲ್ಲ. ಎಲ್ಲಾನೂ ಪ್ರಾರ್ಥನೇಲೇ ಗೊತ್ತಾಗಿದ್ದು.”

“ನೀವೂ ಆಮೆನ್ ಅಂದ್ರಾ?”

“ಇನ್ನೇನು ಅನ್ನೋದು? ಬೇರೆ ಮಾತು ಯಾರು ಕಲಿಸಿದ್ರು?”

ಸುಗಂಧಿ ಟ್ರಂಕಿನ ಪಕ್ಕ ಕೂತು ಉಳಿದ ಸೀರೆಗಳನ್ನು ಮಡಚಿಕೊಟ್ಟಳು.

ಅಂದು ಸಂಜೆ ಎಂದಿನಂತೆ ಕುಕ್ಕರ್ ಇಟ್ಟು ಬಂದು ಚಾಪೆಯ ಮೇಲೆ ಕೂತಳು. ಸತ್ಯಶೀಲ ಜುಬ್ಬಾ ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ಬನಿಯನ್ನಿನಲ್ಲಿ ಕೂತಿದ್ದ, ದಣಿದಿದ್ದ. ಎಸ್ತೇರಮ್ಮ ಅಂದು ಯಾರ ಮೇಲೂ ದೂರು ಹೇಳದೆ ಎರಡೇ ಮಾತಿನಲ್ಲಿ ಪ್ರಾರ್ಥನೆ ಮುಗಿಸಿದರು. ಹನ್ನಳದೂ ಆಯಿತು. ಸತ್ಯಶೀಲ ಗಂಟಲು ಸರಿಮಾಡಿಕೊಂಡ.

“ಇವತ್ತು ನಾನು ಮಾಡ್ತೀನಿ,” ಎಂದಳು ಸುಗಂಧಿ.

ಅವನು ಕಣ್ಣು ತೆರೆದು ನೋಡಿ, ಸಂತೋಷದಿಂದ ತಲೆಯಾಡಿಸಿ ಮತ್ತೆ ಮುಚ್ಚಿಕೊಂಡ.

“ಕರ್ತನೇ,” ಎಂದಳು. ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. “ಕರ್ತನೇ, ನನಗೆ ಚೆಂದ ಮಾತಾಡೋಕೆ ಬರಲ್ಲ. ಇವರು ಒಳ್ಳೇರು. ಹಾಲಮ್ಮನಿಗೆ ಜಮೀನು ಕೊಡಿಸು. ಉಚ್ಚಂಗಪ್ಪನಿಗೂ ಕೊಡಿಸು. ಅವರು ಎಷ್ಟು ಜನ ಬಂದ್ರೂ ನಾನು ರೊಟ್ಟಿ ತಟ್ಟಿ ಹಾಕ್ತೀನಿ, ಬೇಜಾರಿಲ್ಲ. ಆದ್ರೆ ನಮ್ಮಪ್ಪನ ಪಡಸಾಲೆ ನಾನು ಕೊಡಲ್ಲ.”

ಕುಕ್ಕರ್ ಮೊದಲನೆಯ ಸಲ ಕೂಗಿತು.

“ಅವತ್ತು ನಾನು ಆಮೆನ್ ಅಂದಿದ್ದು ಮೂರನೇ ಕೂಗಿಗೆ. ಅದು ನಿನಗೆ ಗೊತ್ತು. ಆರು ಬಂಗಲೇಲಿ ಬೇರೆಯವರ ಗೋಡೆ ಕಾಯ್ಕೊಂಡು ಇದ್ದೆ. ಅಪ್ಪ ಏಳು ಗೂಟ ಹೊಡೆದಿಟ್ಟು ಹೋಗಿದಾನೆ. ಒಂದಕ್ಕೆ ನನ್ನ ಸೀರೆ ನೇತು ಹಾಕ್ಬೇಕು. ನನ್ನ ಮನೆ ಬಾಗಿಲು ನಾನೇ ತೆಗೀಬೇಕು. ಬೋರ್ಡಿಗೆ ಬೇರೆ ಜಾಗ ತೋರಿಸು ತಂದೆ. ಇಷ್ಟೇ.”

ಅವಳು ನಿಲ್ಲಿಸಿದಳು. ಈಗ ಆಮೆನ್ ಅನ್ನಬೇಕಾದವರು ಉಳಿದವರು. ಎರಡನೆಯ ಕೂಗು ಬಿತ್ತು.

“ಆಮೆನ್,” ಎಂದರು ಎಸ್ತೇರಮ್ಮ. ಅಷ್ಟು ಗಟ್ಟಿಯಾಗಿ ಅವರು ದೇವಾಲಯದಲ್ಲೂ ಅಂದವರಲ್ಲ.

“ಆಮೆನ್,” ಎಂದಳು ಹನ್ನ.

ಸತ್ಯಶೀಲ ಅನ್ನಲಿಲ್ಲ. ಇಲ್ಲ ಎನ್ನಲು ಆ ಚಾಪೆಯ ಮೇಲೆ ಅವನಿಗೂ ಅವಕಾಶವಿರಲಿಲ್ಲ. ಮೂರನೆಯ ಕೂಗು ಬಿತ್ತು, ನಾಲ್ಕನೆಯದೂ ಬಿತ್ತು. ಕೊನೆಗೆ ಕಣ್ಣು ಬಿಡದೆ ಅವನು ಪ್ರಾರ್ಥನೆ ಶುರುಮಾಡಿದ. ಸಿಟ್ಟಿರಲಿಲ್ಲ, ದನಿ ತುಂಬ ಮೃದುವಾಗಿತ್ತು.

“ತಂದೆಯೇ, ಸುಗಂಧಿಯನ್ನು ನೆನಪಿಸಿಕೋ. ಅವಳ ಮನಸ್ಸನ್ನು ಮೆದುಮಾಡು. ಅವಳಿಗೆ ತಿಳಿಯದಿದ್ದರೆ ತಿಳಿಸು.”

ಆ ಫೈಲಿನ ಅಧಿಕಾರಿಗೆಂದು ಮಾಡಿದ ಪ್ರಾರ್ಥನೆಯೇ ಇದು. ಮೂರು ಭಾನುವಾರ ಅದಕ್ಕೆ ಅವಳೇ ಆಮೆನ್ ಅಂದಿದ್ದಳು. ಸುಗಂಧಿ ಕಣ್ಣು ತೆರೆದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಪ್ರಾರ್ಥನೆಯ ನಡುವೆ ಎದ್ದು ನಿಂತಳು, ಮೊಣಕಾಲು ಲಟಕ್ಕೆಂದಿತು. ಒಳಗೆ ಹೋಗಿ ಒಲೆ ಆರಿಸಿದಳು. ತಿರುಗಿ ಬರುವಾಗ ಕುರ್ಚಿಯ ಮೇಲಿನ ಜುಬ್ಬಾದ ಜೇಬಿಗೆ ಕೈ ಹಾಕಿ ಸೊರಬದ ಬೀಗದ ಕೈ ತೆಗೆದು, ಶಿಶುವಿಹಾರದ ಕೈ ಬಿಚ್ಚಿಕೊಟ್ಟಿದ್ದ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎಸ್ತೇರಮ್ಮ ಒಂದು ಕಣ್ಣು ತೆರೆದು ನೋಡಿದರು, ಮತ್ತೆ ಮುಚ್ಚಿಕೊಂಡರು.

ಸುಗಂಧಿ ಮತ್ತೆ ಅಡಿಗೆಮನೆಗೆ ಹೋಗಿ ನಾಲ್ಕು ತಟ್ಟೆ ತೊಳೆದಿಟ್ಟಳು. ತಳ ಹಿಡಿದ ಬೇಳೆಯನ್ನು ಮೇಲುಮೇಲಿಂದ ಬೇರೆ ಪಾತ್ರೆಗೆ ತೆಗೆದಳು. ಹೊರಗೆ ಗಂಡ ಇನ್ನೂ ಪ್ರಾರ್ಥಿಸುತ್ತಿದ್ದ, ಅವಳಿಗೆ ಕರುಣೆ ಕೊಡು, ತ್ಯಾಗದ ಬುದ್ಧಿ ಕೊಡು, ನಾವೆಲ್ಲರೂ ಒಂದೇ ಮನಸ್ಸಿನಿಂದ ಬೇಡಿಕೊಳ್ಳುತ್ತೇವೆ ತಂದೆಯೇ ಎಂದು ಮುಗಿಸಿದ.

ಮುಗಿಸಿ, ಕಣ್ಣು ಮುಚ್ಚಿಕೊಂಡೇ, ಆಮೆನ್ನಿಗಾಗಿ ಕಾದ. ಚಾಪೆಯ ಮೇಲೆ ಅವನ ತಾಯಿ ಇದ್ದರು, ಮಗಳು ಇದ್ದಳು. ಇಬ್ಬರೂ ಬಾಯಿ ಬಿಡಲಿಲ್ಲ. ಒಳಗಿನಿಂದ ಸುಗಂಧಿಯ ಸೌಟಿನ ಸದ್ದು ಬರುತ್ತಿತ್ತು. ಅವನು ಕಾಯುತ್ತಲೇ ಕೂತ.